ಮದ್ದೂರಿನಲ್ಲಿ ಹತ್ತು ನಿಮಿಷ

"ಹತ್ತು ನಿಮಿಷ ಟೈಮ್ ಅದೆ, ಟಿಫನ್ ಮಾಡೋರು ಮಾಡ್ಕೊಳ್ಳಿ."

ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದವರೆಲ್ಲ ಒಮ್ಮೆಯಾದರೂ ಕಂಡಕ್ಟರನ ಈ ಮಾತನ್ನು ಕೇಳಿರುತ್ತಾರೆ. ರೈಲಿನಲ್ಲಿ ಹೋದವರಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. ಕಿಟಕಿಯಲ್ಲಿ ಕೈ ಚಾಚಿ ಕಾಗದದಲ್ಲಿ ಸುತ್ತಿದ ಎರಡು ವಡೆ ಪಡೆದು, ಚಿಲ್ಲರೆ ಕೊಡುವಷ್ಟರಲ್ಲಿ ರೈಲು ಹೊರಟಿರುತ್ತದೆ. ಮದ್ದೂರು ಎಂದರೆ ವಡೆ, ವಡೆ ಎಂದರೆ ಮದ್ದೂರು. 1917ರಲ್ಲಿ ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುದ್ಯ ಎಂಬವರು, ಅಂದು ರೈಲು ಬೇಗ ಬಂದುಬಿಟ್ಟದ್ದರಿಂದ ಕಲಸಿದ ಹಿಟ್ಟನ್ನೇ ಅವಸರದಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಅದೇ ಮುಂದೆ ಮದ್ದೂರು ವಡೆಯಾಯಿತು ಎಂಬುದು ಜನಜನಿತ ಕಥೆ. ಪ್ರಯಾಣಿಕರ ಅವಸರದಿಂದ ಹುಟ್ಟಿದ ತಿಂಡಿಯೊಂದು ಊರಿನ ಹೆಸರನ್ನು ನಾಡಿನಾದ್ಯಂತ ಹರಡಿತು. ಆದರೆ ಊರನ್ನು ಮಾತ್ರ ಯಾರೂ ನೋಡಲಿಲ್ಲ.

ನಾನೂ ನೋಡಿರಲಿಲ್ಲ. ಮಂಡ್ಯದಿಂದ ಬೆಂಗಳೂರಿಗೆ ನೂರಾರು ಸಲ ಹೋಗಿ ಬಂದಿದ್ದರೂ ಮದ್ದೂರು ನನಗೆ ಒಂದು ರೈಲು ನಿಲ್ದಾಣ, ಒಂದು ಹೋಟೆಲು, ಒಂದು ಎಳನೀರು ಮಾರುಕಟ್ಟೆ ಅಷ್ಟೇ ಆಗಿತ್ತು. ಮೊನ್ನೆ ಒಂದು ಬೆಳಿಗ್ಗೆ ಬೇರೆ ಯಾವ ಕೆಲಸವೂ ಇಲ್ಲದೆ, ಊರನ್ನು ನೋಡುವುದಕ್ಕೆಂದೇ ಅಲ್ಲಿ ಇಳಿದೆ. ಯಾಕೆ ಇಳಿದೆ ಎಂಬುದನ್ನು ಹೇಳುವ ಮೊದಲು ದೂರದ ಇನ್ನೊಂದು ಊರಿನ ಮಾತು ಹೇಳಬೇಕು.

ಜರ್ಮನಿಯಲ್ಲಿ ಮೈನ್ ಮತ್ತು ಟೌಬರ್ ನದಿಗಳು ಕೂಡುವಲ್ಲಿ ವೆರ್ಟ್‌ಹೈಮ್ ಎಂಬ ಸಣ್ಣ ಊರಿದೆ. ಮಧ್ಯಯುಗದ ಊರು. ಇಕ್ಕಟ್ಟಾದ ಬೀದಿಗಳು, ಮರದ ಚೌಕಟ್ಟಿನ ಹಳೆಯ ಮನೆಗಳು, ಸ್ವಲ್ಪ ವಾಲಿಕೊಂಡಿರುವ ಒಂದು ಗೋಪುರ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ. 1992ರಲ್ಲಿ ರೈನ್, ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸುವ ಕಾಲುವೆ ಪೂರ್ಣಗೊಂಡ ಮೇಲೆ ಪ್ರವಾಸಿ ಹಡಗುಗಳು ಇಲ್ಲಿ ಲಂಗರು ಹಾಕತೊಡಗಿದವು. ಪ್ರವಾಸಿಗರಿಗೆ ಸಿಗುವುದು ಕೆಲವೇ ಗಂಟೆಗಳ ಅವಕಾಶ. ಅಷ್ಟರಲ್ಲೇ ಆ ಊರು ತನ್ನ ಕಥೆಯನ್ನು ಹೇಳಿಬಿಡುತ್ತದೆ. ಯಾವ ವರ್ಷ ನದಿ ಎಲ್ಲಿಯವರೆಗೆ ಉಕ್ಕಿ ಬಂದಿತ್ತು ಎಂಬ ಗುರುತುಗಳು ಮನೆಗಳ ಗೋಡೆಯ ಮೇಲಿವೆ. ಕೋಟೆ ಹಾಳಾದದ್ದು ಮೂವತ್ತು ವರ್ಷಗಳ ಯುದ್ಧದಲ್ಲಿ (1618-48) ಎಂಬುದನ್ನೂ ಹೇಳುತ್ತಾರೆ. ಇದಕ್ಕಿಂತ ಮುಖ್ಯವಾದುದು ಅಲ್ಲಿನ ಮರಿಯಮ್ಮನ ಪ್ರಾರ್ಥನಾ ಮಂದಿರ. ಅದು ಎದ್ದು ನಿಂತಿರುವುದು 1447ರಲ್ಲಿ ಕೆಡವಲಾದ ಯೆಹೂದಿಗಳ ಆರಾಧನಾಲಯದ ಜಾಗದಲ್ಲಿ. ಆ ಸಂಗತಿಯನ್ನು ಊರು ಮುಚ್ಚಿಡುವುದಿಲ್ಲ. ತನ್ನ ಸೊಬಗನ್ನು ತೋರಿಸುವ ಊರು ತನ್ನ ತಪ್ಪನ್ನೂ ತೋರಿಸುತ್ತದೆ.

ಹೊಳೆ ದಂಡೆಯ ಊರು, ಹಾಳಾದ ಕೋಟೆ, ಹಳೆಯ ದೇಗುಲ, ಅವಸರದ ಪ್ರವಾಸಿಗರು ಎಂದು ಓದುತ್ತಿದ್ದಂತೆ ನನಗೆ ನೆನಪಾದದ್ದು ಮದ್ದೂರು. ಅಲ್ಲೂ ಇವೆಲ್ಲ ಇವೆ. ಇಲ್ಲದಿರುವುದು ಹೇಳುವವರು ಮಾತ್ರ.

ಹೊಳೆ ಮತ್ತು ಊರು

ಮದ್ದೂರಿನ ಹೊಳೆ ಶಿಂಷಾ. ತುಮಕೂರಿನ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರನ್ನು ಹಾದು, ಮಳವಳ್ಳಿ ತಾಲೂಕಿನಲ್ಲಿ ಜಲಪಾತವಾಗಿ ಧುಮುಕಿ, ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಹಳಬರು ಇದನ್ನು ಕದಂಬ ನದಿ ಎಂದೂ ಕರೆಯುತ್ತಿದ್ದರು. ಇದೇ ಹೊಳೆಯ ಆಸುಪಾಸಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನೆಯಂಗಳದ ಮರಗಳಲ್ಲೇ ಗೂಡು ಕಟ್ಟುತ್ತವೆ, ಜನ ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ.

ಊರಿನ ಹಳೆಯ ಹೆಸರು ಮರುದೂರು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಇಲ್ಲಿ ಮದ್ದು, ಅಂದರೆ ಸಿಡಿಮದ್ದು, ಇಡುತ್ತಿದ್ದರು, ಆದ್ದರಿಂದ ಮದ್ದೂರಾಯಿತು ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಮರುದೂರು ಎಂಬ ಹೆಸರು ಫಿರಂಗಿಗಿಂತ ಹಳೆಯದು. ಅದೇ ಸವೆದು ಮದ್ದೂರಾಗಿದೆ ಎನ್ನುವುದೇ ಸರಿ.

ಬೀದಿಯಲ್ಲಿ ಎದುರಾದ ಹಿರಿಯರೊಬ್ಬರನ್ನು "ಕೋಟೆ ಎಲ್ಲಿತ್ತು ಯಜಮಾನರೇ?" ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಬಂದೋರೆಲ್ಲ ವಡೆ ಅಂಗ್ಡಿ ಎಲ್ಲಿ ಅಂತಾರೆ. ನೀವು ಕೋಟೆ ಎಲ್ಲಿ ಅಂತೀರಲ್ಲ ಸಾಬ್ರೇ! ಕೋಟೆ ಮಾತ್ನಲ್ಲಿ ಉಳ್ಕಂಡದೆ ಅಷ್ಟೆ. ಬನ್ನಿ, ದೇವಸ್ಥಾನ ತೋರಿಸ್ತೀನಿ" ಎಂದು ತಾವೇ ಮುಂದೆ ನಡೆದರು.

ಅವರು ತೋರಿಸಿದ್ದು ಉಗ್ರನರಸಿಂಹನ ಗುಡಿಯನ್ನು, ಅದರ ಸಮೀಪದ ವರದರಾಜನ ಗುಡಿಯನ್ನು. ಹೊಯ್ಸಳರ ಕಾಲದ ನೆನಪಿನ ಈ ಗುಡಿಗಳ ಪೈಕಿ ವರದರಾಜನ ವಿಗ್ರಹ ಆಳೆತ್ತರವನ್ನು ಮೀರಿ ನಿಂತಿದೆ. ಹೊಯ್ಸಳ ಅರಸನೊಬ್ಬನ ತಾಯಿಗೆ ಕಣ್ಣು ಕಾಣದಾದಾಗ, ಕಂಚಿಗೆ ಹೋಗಲಾರದ ಆಕೆಗಾಗಿ ಕಂಚಿಯ ವರದರಾಜನನ್ನು ಇಲ್ಲೇ ಕಡೆಸಿದರು, ಆಕೆಗೆ ದೃಷ್ಟಿ ಬಂತು ಎಂಬುದು ಐತಿಹ್ಯ. ಅದಕ್ಕೇ ಈ ದೇವರು ಜನರ ಬಾಯಲ್ಲಿ ನೇತ್ರನಾರಾಯಣ. ಇತಿಹಾಸವೋ ಐತಿಹ್ಯವೋ, ಮಗನೊಬ್ಬ ತಾಯಿಗಾಗಿ ಮಾಡಿದ್ದು ಎಂದು ನೂರಾರು ವರ್ಷ ನೆನಪಿಟ್ಟುಕೊಂಡ ಜನರ ಬಗ್ಗೆ ನನಗೆ ಗೌರವ ಮೂಡಿತು.

ಹೊಯ್ಸಳರಿಗಿಂತ ಹಿಂದಕ್ಕೆ ಹೋದರೆ ಇದೇ ತಾಲೂಕಿನ ಆತಕೂರಿನ ಶಾಸನ ಸಿಗುತ್ತದೆ. ಸುಮಾರು ಕ್ರಿ.ಶ. 949-50ರ ಕನ್ನಡ ಶಾಸನವದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂದರ್ಭ. ಗಂಗರ ಎರಡನೆಯ ಬೂತುಗ ಅವನ ಜೊತೆಗಿದ್ದ. ಬೂತುಗನ ವೀರ ಮಣಲೇರ ಶೌರ್ಯದಿಂದ ಹೋರಾಡಿ, ಏನು ಬೇಕೋ ಕೇಳು ಎಂದಾಗ ಕೇಳಿದ್ದು ಹಣವನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದರ ಜೊತೆ ಕಾದಾಡಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ನಿಷ್ಠೆಯನ್ನೂ ಕಲ್ಲಿನಲ್ಲಿ ಬರೆದಿಟ್ಟ ನಾಡಿದು.

ಕೋಟೆ ಕೆಡವಿದವರು ಯಾರು?

ಮದ್ದೂರಿನ ಕೋಟೆಯನ್ನು ಹೈದರಲಿ ಪುನಃ ಕಟ್ಟಿಸಿದ. ಬೆಂಗಳೂರಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬರುವ ಯಾವ ಸೈನ್ಯವಾದರೂ ಈ ಹೊಳೆಯನ್ನು ಎಲ್ಲಾದರೂ ದಾಟಲೇಬೇಕಿತ್ತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ಕೆಡವಿತು ಎಂದು ಗೆಜೆಟಿಯರುಗಳು ದಾಖಲಿಸುತ್ತವೆ.

1799ರ ಮಾರ್ಚ್‌ನಲ್ಲಿ ಟಿಪ್ಪು ಸುಲ್ತಾನ್ ಮತ್ತೆ ಮದ್ದೂರು ಹೊಳೆಯ ಬಳಿ ಬೀಡುಬಿಟ್ಟ. ಜನರಲ್ ಹ್ಯಾರಿಸನ ಸೈನ್ಯವನ್ನು ಹೊಳೆ ದಾಟುವಾಗಲೇ ತಡೆಯಬಹುದಾಗಿತ್ತು ಎಂದು ಯುದ್ಧದ ಇತಿಹಾಸ ಬರೆದವರು ಹೇಳುತ್ತಾರೆ. ಆದರೆ ಕಾಳಗ ನಡೆದದ್ದು ಮಾರ್ಚ್ 27ರಂದು ಮಳವಳ್ಳಿಯಲ್ಲಿ. ಟಿಪ್ಪು ಹಿಂದೆ ಸರಿಯಬೇಕಾಯಿತು. ಬ್ರಿಟಿಷರು ಸೋಸಲೆಯ ಬಳಿ ಕಾವೇರಿಯನ್ನು ದಾಟಿದರು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಹೋರಾಡುತ್ತಲೇ ಮಡಿದ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಳವಳ್ಳಿಯಲ್ಲಿ ಟಿಪ್ಪುವಿನ ವಿರುದ್ಧ ನಿಂತ ಸೈನ್ಯದ ಒಂದು ಭಾಗ ಹೈದರಾಬಾದಿನ ನಿಜಾಮನದು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಅಂದು ಆ ಪಡೆಯ ಜೊತೆಗಿದ್ದ. 1791-92ರಲ್ಲಿ ಬ್ರಿಟಿಷರ ಪಕ್ಕದಲ್ಲಿ ನಿಜಾಮನೂ ಇದ್ದ, ಮರಾಠರೂ ಇದ್ದರು. ಟಿಪ್ಪುವಿನ ಆಡಳಿತದಲ್ಲಿ ಪೂರ್ಣಯ್ಯನೂ ಇದ್ದ, ಮೀರ್ ಸಾದಿಕನೂ ಇದ್ದ. ಈ ಯುದ್ಧವನ್ನು ಎರಡು ಧರ್ಮಗಳ ಯುದ್ಧವೆಂದು ಓದಬಯಸುವವರಿಗೆ ಮಳವಳ್ಳಿಯ ಬಯಲು ಸಾಕ್ಷಿ ಹೇಳುವುದಿಲ್ಲ. ಅದು ರಾಜ್ಯಕ್ಕಾಗಿ, ಕಂದಾಯಕ್ಕಾಗಿ, ಅಧಿಕಾರಕ್ಕಾಗಿ ನಡೆದ ಯುದ್ಧ.

ಹಾಗೆಂದು ಟಿಪ್ಪುವಿನ ಬಗೆಗಿನ ಅಭಿಮಾನ ನಮ್ಮ ಕಣ್ಣು ಕಟ್ಟಬಾರದು. ಮಳವಳ್ಳಿ ಅವನಿಗೆ ತಂದೆ ಜಹಗೀರಾಗಿ ಕೊಟ್ಟ ಊರು. ಅಲ್ಲಿ ದೊಡ್ಡ ಹಣ್ಣಿನ ತೋಟವಿತ್ತು. ಶತ್ರುವಿಗೆ ಅನುಕೂಲವಾಗದಿರಲೆಂದು ಆ ಊರನ್ನು ಹಾಳುಗೆಡವಿಸಿದವನೂ ಅವನೇ. ಮೇವು ಸುಡುವುದು, ಊರು ತೆರವು ಮಾಡಿಸುವುದು ಅಂದಿನ ಯುದ್ಧತಂತ್ರ. ಕೋಟೆ ಕೆಡವಿದ್ದು ಬ್ರಿಟಿಷರು, ಊರು ಸುಟ್ಟದ್ದು ಸುಲ್ತಾನರು. ಬೆಲೆ ತೆತ್ತದ್ದು ರಾಗಿ ಬೆಳೆಯುತ್ತಿದ್ದ ಒಕ್ಕಲಿಗ, ಮಗ್ಗದ ಮುಂದೆ ಕೂತಿದ್ದ ನೇಕಾರ. 1800ರಲ್ಲಿ ಮದ್ದೂರು, ಮಂಡ್ಯದ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಯುದ್ಧಗಳಿಂದ ಬಸವಳಿದ ಸೀಮೆಯನ್ನು.

ಇನ್ನೊಂದು ಕೋಟೆ

ಆಮೇಲೆ ರಸ್ತೆಗಳು, ಸೇತುವೆಗಳು ಬಂದವು. 1881-82ರ ಹೊತ್ತಿಗೆ ಬೆಂಗಳೂರು-ಮೈಸೂರು ರೈಲು ಬಂತು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಯ ಒಣಭೂಮಿ ಕಬ್ಬು, ಭತ್ತದ ಗದ್ದೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಅದಕ್ಕೆ ಒಂದು ವರ್ಷ ಮೊದಲು, 1938ರ ಏಪ್ರಿಲ್‌ನಲ್ಲಿ, ಮದ್ದೂರಿಗೆ ತಾಗಿದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ. ನಿಷೇಧಾಜ್ಞೆಯನ್ನು ಮುರಿದು ಅಲ್ಲಿ ರಾಷ್ಟ್ರಧ್ವಜ ಹಾರಿಸಿದರು, ಬಂಧನಕ್ಕೆ ಒಳಗಾದರು. ಸಾವಿರಾರು ಮಂದಿ ರೈತರು ಸೇರಿದ್ದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಧಾನಕ್ಕೆ ಬಂದವರು ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದಕ್ಕೆ ಬಂದರು. ಎದುರುಬದುರು ನಿಂತವರು ಮಾತಿಗೆ ಕೂತರು, ಎರಡು ಧ್ವಜಗಳು ಅಕ್ಕಪಕ್ಕ ಹಾರಿದವು. ಧ್ವಜಗಳ ಹೆಸರಿನಲ್ಲಿ ಜಗಳವಾಡುವ ನಮ್ಮ ಕಾಲಕ್ಕೆ ಇದು ನೆನಪಿರಬೇಕಾದ ಪಾಠ.

ನಿಲ್ಲದ ಊರು

2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯಾಯಿತು. ಒಳ್ಳೆಯದೇ. ಆದರೆ ಈಗ ವಾಹನಗಳು ಊರಿಗೆ ಇಳಿಯುವುದಿಲ್ಲ. ವಂದೇ ಭಾರತ್ ರೈಲೂ ಮದ್ದೂರಿನಲ್ಲಿ ನಿಲ್ಲುವುದಿಲ್ಲ. ಹಳೆ ರಸ್ತೆಯ ಹೋಟೆಲು, ಎಳನೀರು, ಹಣ್ಣಿನ ಅಂಗಡಿಯವರು ತಮ್ಮ ವ್ಯಾಪಾರ ಕುಸಿದದ್ದನ್ನು ಹೇಳಿಕೊಳ್ಳುತ್ತಾರೆ. ಮೊದಲು ಸಿಗುತ್ತಿದ್ದ ಹತ್ತು ನಿಮಿಷವೂ ಈಗ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಮಾತ್ರ ಇಡೀ ರಾಜ್ಯ ಮದ್ದೂರಿನ ಕಡೆ ತಿರುಗಿ ನೋಡಿತು. ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಯಿತು. ಬಂಧನಗಳಾದವು, ಬಂದ್ ಆಯಿತು, ಟಿವಿ ಕ್ಯಾಮೆರಾಗಳು ಬಂದವು. ಕಲ್ಲು ಎಸೆದ ಕೈ ಯಾರದೇ ಆಗಿರಲಿ, ಅದು ತಪ್ಪೇ. ಕಾನೂನು ಅದನ್ನು ನೋಡಿಕೊಳ್ಳಬೇಕು. ಆದರೆ ಒಂದು ಸಂಜೆಯ ಕಲ್ಲುಗಳೇ ಒಂದು ಊರಿನ ಚರಿತ್ರೆ ಆಗಿಬಿಡಬೇಕೇ? ಊರನ್ನು ಒಮ್ಮೆಯೂ ಇಳಿದು ನೋಡದವರು ಅದರ ಬಗ್ಗೆ ತೀರ್ಪು ಕೊಡುವುದು ಎಷ್ಟು ಸುಲಭ! ತನ್ನ ಕಥೆಯನ್ನು ತಾನೇ ಹೇಳಿಕೊಳ್ಳದ ಊರಿನ ಕಥೆಯನ್ನು ಬೇರೆ ಯಾರೋ, ತಮಗೆ ಬೇಕಾದಂತೆ, ಹೇಳುತ್ತಾರೆ.

ಹೊಳೆಯ ಬಳಿ ಒಂದು ಫಲಕ, ಗುಡಿಯ ಮುಂದೆ ಒಂದು ಫಲಕ, ಕೋಟೆ ಇದ್ದ ಜಾಗದಲ್ಲಿ ಒಂದು ಫಲಕ, ಶಿವಪುರದ ಸತ್ಯಾಗ್ರಹ ಸೌಧಕ್ಕೆ ದಾರಿ ತೋರಿಸುವ ಒಂದು ಫಲಕ: ಇಷ್ಟಕ್ಕೆ ಕೋಟಿಗಳು ಬೇಕಿಲ್ಲ. ಊರಿನ ಶಾಲೆಯ ಮಕ್ಕಳನ್ನು, ಎಲ್ಲ ಕೇರಿಯ ಮಕ್ಕಳನ್ನೂ, ವರ್ಷಕ್ಕೊಮ್ಮೆ ಒಟ್ಟಿಗೆ ಈ ದಾರಿಯಲ್ಲಿ ನಡೆಸಿಕೊಂಡು ಬಂದರೆ ಸಾಕು. ಸೋತದ್ದನ್ನೂ, ಸುಟ್ಟದ್ದನ್ನೂ, ರಾಜಿಯಾದದ್ದನ್ನೂ ಅವರಿಗೆ ಹೇಳಬೇಕು. ವೆರ್ಟ್‌ಹೈಮ್‌ನಿಂದ ಕಲಿಯಬೇಕಾದದ್ದು ಇಷ್ಟೇ.

ಸಂಜೆ ಬೀಳ್ಕೊಡುವಾಗ ಆ ಹಿರಿಯರು, "ವಡೆ ತಗಳ್ದೆ ಹೋಯ್ತಾ ಇದೀರಲ್ಲ" ಎಂದು ಗದರಿದರು. ತಾವೇ ಅಂಗಡಿಗೆ ಕರೆದೊಯ್ದು ನಾಲ್ಕು ವಡೆ ಕಟ್ಟಿಸಿದರು. ದುಡ್ಡು ಕೊಡಲು ಹೋದರೆ ಕೈ ಹಿಡಿದರು. "ನಮ್ಮೂರ್ನ ಕೇಳ್ಕಂಡು ಬಂದಿದೀರ, ಇರ್ಲಿ ಬುಡಿ" ಎಂದರು. ರೈಲು ಶಿಂಷಾ ಹೊಳೆಯ ನಾಡನ್ನು ಬಿಟ್ಟು ಮಂಡ್ಯದ ಕಡೆ ಹೊರಟಾಗ ಪೊಟ್ಟಣ ಇನ್ನೂ ಬಿಸಿಯಾಗಿತ್ತು.