ಕೋಲುಮುಖವನ್ನು ಮರೆತ ನೆರಳು–ಬೆಳಕು

ಕಾಂಟೂರಿಂಗ್ ಎಂಬ ಮಾತು ಇವತ್ತು ತಾಲ್ಲೂಕು ಕೇಂದ್ರದ ಬ್ಯೂಟಿಪಾರ್ಲರಿನ ಬೋರ್ಡಿಗೂ ಬಂದಿದೆ. ಕಲಿಸುವ ಕ್ರಮ ಎಲ್ಲ ಕಡೆಯೂ ಒಂದೇ. ಕೆನ್ನೆಮೂಳೆಯ ಕೆಳಗೆ ಕಿವಿಯಿಂದ ಬಾಯಿಯ ಕಡೆಗೆ ಒಂದು ಕಂದು ಗೆರೆ, ಮೂಗಿನ ಎರಡು ಮಗ್ಗುಲಿಗೆ ಒಂದೊಂದು, ದವಡೆಯ ಅಂಚಿಗೆ ಇನ್ನೊಂದು. ಆಮೇಲೆ ಹಣೆಯ ನಡುವಿಗೆ, ಮೂಗಿನ ಕಂಬಕ್ಕೆ, ಗದ್ದದ ತುದಿಗೆ ಹೈಲೈಟರ್. ದುಂಡು ಮುಖಕ್ಕೂ ಅಗಲ ದವಡೆಗೂ ಇದು ಒಪ್ಪುತ್ತದೆ. ಕೋಲುಮುಖದ ಹುಡುಗಿಗೂ ಇದನ್ನೇ ಹಚ್ಚಿದರೆ ಮೊದಲೇ ಕಿರಿದಾದ ಮುಖದ ಎರಡು ಅಂಚುಗಳೂ ಕತ್ತಲಿಗೆ ಸರಿದು, ನಡುವಿನ ಉದ್ದನೆಯ ಪಟ್ಟಿಯೊಂದೇ ಬೆಳಗುತ್ತದೆ. ಮುಹೂರ್ತದ ಫೋಟೋದಲ್ಲಿ ಮದುವಣಗಿತ್ತಿ ಟೈಫಾಯ್ಡಿನಿಂದ ಎದ್ದು ಬಂದವಳಂತೆ ಕಾಣುತ್ತಾಳೆ.

ಇದಕ್ಕೆ ಪಾರ್ಲರಿನ ಹೆಣ್ಣುಮಕ್ಕಳನ್ನು ದೂರುವುದು ತಪ್ಪು. ಅವರಿಗೆ ಸಿಕ್ಕಿದ ಪಾಠವೇ ಅಷ್ಟು. ನೆರಳು–ಬೆಳಕಿನ ಈ ವಿದ್ಯೆ ನೂರೈವತ್ತು ವರ್ಷಗಳಲ್ಲಿ ಬೆಳೆದ ಬಗೆಯನ್ನು ನೋಡಿದರೆ, ಅದರ ದುಡಿಮೆಯ ಬಹುಪಾಲು ಅಗಲವನ್ನು ಕುಗ್ಗಿಸುವುದಕ್ಕೇ ಖರ್ಚಾಗಿದೆ. ಕಿರಿದು ಮುಖವನ್ನು ಅಗಲಿಸುವ ತಿಳಿವಳಿಕೆಯೂ ಇತ್ತು, ಈಗಲೂ ಇದೆ. ಆದರೆ ಅದು ಉಳಿದಿರುವುದು ಯಕ್ಷಗಾನದ ಚೌಕಿಗಳಲ್ಲಿ, ನಾಟಕದವರ ಬಣ್ಣದ ಕೋಣೆಗಳಲ್ಲಿ.

ಮೊದಲ ಹಂತವನ್ನು ಬೇಗ ಹೇಳಿ ಮುಗಿಸಬಹುದು. ಯುರೋಪಿನ ನಾಟಕಶಾಲೆಗಳಲ್ಲಿ ಮೇಣದಬತ್ತಿ ಉರಿಯುತ್ತಿದ್ದಷ್ಟು ಕಾಲ ಮುಖಕ್ಕೆ ಒಣ ಪುಡಿ ಸಾಕಾಗುತ್ತಿತ್ತು. 1817ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ಗ್ಯಾಸ್ ದೀಪ ಬಂತು. 1881ರಲ್ಲಿ ಅದೇ ಊರಿನ ಸವಾಯ್ ಥಿಯೇಟರಿಗೆ ವಿದ್ಯುದ್ದೀಪ ಬಂತು. ಬೆಳಕು ಹೆಚ್ಚಿದಂತೆಲ್ಲ ನಟನ ಮುಖದ ಉಬ್ಬುತಗ್ಗು ಅಳಿಸಿಹೋಗತೊಡಗಿತು. ಅದನ್ನು ಬಣ್ಣದಿಂದ ಮತ್ತೆ ಬರೆಯಬೇಕಾಯಿತು. ಬರ್ಲಿನ್ನಿನ ಅಪೆರಾ ಗಾಯಕ ಲುಡ್ವಿಗ್ ಲೈಶ್ನರ್ 1873ರಲ್ಲಿ ಶುರುಮಾಡಿದ ಕಂಪನಿಯ ಗ್ರೀಸ್‌ಪೇಂಟ್ ಕಡ್ಡಿಗಳಿಗೆ ನಂಬರು ಇರುತ್ತಿತ್ತು. ದಂತದ ಬಣ್ಣದ 5 ಮತ್ತು ಇಟ್ಟಿಗೆ ಕೆಂಪಿನ 9 ಬೆರೆಸಿದರೆ ಇಂಗ್ಲಿಷ್ ನಟನ ಮುಖ ಸಿದ್ಧ. ಕಪ್ಪು, ಕಂದು ಮೈಬಣ್ಣಗಳಿಗೂ ನಂಬರುಗಳಿದ್ದವು, ಆದರೆ ಅವು ಬಿಳಿಯ ನಟರು ಬೇರೆ ನಾಡಿನವರ ವೇಷ ಹಾಕಲು ಮಾಡಿದವು. ಈ ವಿದ್ಯೆಯ ಅಳತೆಗೋಲು ಯಾರ ಮುಖವಾಗಿತ್ತು ಎಂಬುದು ಅಲ್ಲಿಂದಲೇ ಗೊತ್ತಾಗುತ್ತದೆ.

ಸಿನಿಮಾ ಬಂದಾಗ ಲೆಕ್ಕ ಬದಲಾಯಿತು. ಮೊದಮೊದಲ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆನ್ನೆಗೆ ಹಚ್ಚಿದ ರೂಜ್ ಪರದೆಯ ಮೇಲೆ ಕಪ್ಪು ಗುಳಿಯಾಗುತ್ತಿತ್ತು. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಸಿನಿಮಾಕ್ಕೆಂದೇ ತೆಳುವಾದ ಗ್ರೀಸ್‌ಪೇಂಟ್ ತಯಾರಿಸಿದರು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ 1928ರಲ್ಲಿ ಬೇರೆಯೇ ಸಾಲನ್ನು ತಂದರು. ಮುಂದಿನ ದಶಕದ ಕೊನೆಗೆ, ಟೆಕ್ನಿಕಲರ್ ಚಿತ್ರಗಳಿಗೆಂದು ಅವರ ಕಂಪನಿ ತಂದ ಪ್ಯಾನ್‌ಕೇಕ್ ನಮ್ಮ ಬಣ್ಣದ ಪೆಟ್ಟಿಗೆಗಳಿಗೂ ಬಂದು, ಆ ಹೆಸರೇ ನಮ್ಮಲ್ಲಿ ವಸ್ತುವಿನ ಹೆಸರಾಯಿತು.

ಹಾಲಿವುಡ್ಡಿನ ಇನ್ನೊಂದು ಮನೆತನ ವೆಸ್ಟ್‌ಮೋರ್ ಸಹೋದರರದು. ಮುಖಗಳನ್ನು ಏಳು ಆಕಾರಗಳಾಗಿ ವಿಂಗಡಿಸಿ, ಮೊಟ್ಟೆಯಾಕಾರವೇ ಆದರ್ಶ, ಉಳಿದವೆಲ್ಲ ಅದರ ಹತ್ತಿರ ಬರಬೇಕು ಎಂಬ ಪಾಠವನ್ನು ಊರೂರಿಗೆ ಹರಡಿದವರಲ್ಲಿ ಅವರು ಮುಖ್ಯರು. ಆ ಪಟ್ಟಿಯಲ್ಲಿ ಉದ್ದ ಮುಖಕ್ಕೂ ಒಂದು ಜಾಗವಿತ್ತು. ಆದರೆ ಪರದೆಯ ಮೇಲೆ ಜನ ಕಂಡು ಮರುಳಾದದ್ದು ಮಾರ್ಲೀನ್ ಡೀಟ್ರಿಶ್ ಅವರ ಕೆನ್ನೆಯ ಗುಳಿಗೆ. 1932ರ ‘ಶಾಂಘೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ನಿರ್ದೇಶಕ ಸ್ಟರ್ನ್‌ಬರ್ಗ್ ಮತ್ತು ಛಾಯಾಗ್ರಾಹಕ ಲೀ ಗಾರ್ಮ್ಸ್ ಮುಖ್ಯ ದೀಪವನ್ನು ನಟಿಯ ಎದುರಿಗೆ, ಎತ್ತರದಲ್ಲಿ ಇಟ್ಟರು. ಮೂಗಿನ ಕೆಳಗೊಂದು ಪುಟ್ಟ ನೆರಳು, ಕೆನ್ನೆಮೂಳೆಯ ಕೆಳಗೆ ಆಳದ ನೆರಳು. ಅಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ದೀಪ. ಆ ದೀಪವಿಲ್ಲದ ಕಡೆ ಅದೇ ನೆರಳನ್ನು ಬಣ್ಣದಿಂದ ಬರೆಯಲು ಹೊರಟದ್ದೇ ಜನಪ್ರಿಯ ಕಾಂಟೂರಿಂಗಿನ ಮೂಲ. ದೀಪವನ್ನು ಮರೆತು ಗೆರೆಯನ್ನಷ್ಟೇ ಕಲಿತರೆ ವಿದ್ಯೆಯ ಅರ್ಧವೇ ಕೈಗೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಮುಖವನ್ನು ಹಿರಿದು ಮಾಡುವ ಕೆಲಸ ಇದಕ್ಕೂ ಮೊದಲಿನಿಂದ ನಡೆದಿತ್ತು. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷವನ್ನು ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ಗೊತ್ತು. ಬಡಕಲು ಮೈಯ ಕಲಾವಿದನೇ ಮಹಿಷಾಸುರನಾಗಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಮುಳ್ಳುಮುಳ್ಳಾಗಿ ಸಾಲಿಡುತ್ತ ಹೋದಂತೆ ಮುಖದ ಎಲ್ಲೆ ಹೊರಕ್ಕೆ ಸರಿಯುತ್ತದೆ. ಬಿಳಿ ಅಂಚಿನಲ್ಲಿರುತ್ತದೆ, ಕಪ್ಪು–ಕೆಂಪು ಒಳಗಿರುತ್ತದೆ. ಪಕ್ಕದ ಕೇರಳದ ಕಥಕಳಿಯಲ್ಲಿ ದವಡೆಯ ಉದ್ದಕ್ಕೂ ಕಟ್ಟುವ ಬಿಳಿಯ ಚುಟ್ಟಿಯೂ ಮಾಡುವುದು ಇದನ್ನೇ. ಬಡಗಿನ ಕೇದಗೆ ಮುಂದಲೆ ಹಣೆಯ ಎತ್ತರವನ್ನು ಮುಚ್ಚುತ್ತದೆ, ಕಿವಿಯ ಆಭರಣಗಳು ಮುಖಕ್ಕೆ ಅಡ್ಡಗಲ ಕೊಡುತ್ತವೆ. ಅಂಚಿಗೆ ಬೆಳಕು, ನಡುವಿಗೆ ಗಾಢ: ಕೋಲುಮುಖಕ್ಕೆ ಬೇಕಾದ ಸೂತ್ರ ಇಷ್ಟೇ, ಮತ್ತು ಇದು ಇವತ್ತಿನ ಪಾರ್ಲರಿನ ಪಾಠಕ್ಕೆ ಪೂರಾ ತಿರುವುಮುರುವು. ದೀವಟಿಗೆಯ ಬೆಳಕಿನಲ್ಲಿ ಅರದಾಳದ ಹಳದಿ, ಇಂಗಳೀಕದ ಕೆಂಪು ಹೇಗೆ ಉರಿಯುತ್ತವೆ ಎಂದು ತಿಳಿದೇ ಆ ಬಣ್ಣಗಳನ್ನು ಆರಿಸಿಕೊಂಡವರಿಗೆ ನೆರಳು–ಬೆಳಕಿನ ಶಾಸ್ತ್ರ ಗೊತ್ತಿರಲಿಲ್ಲ ಎನ್ನಲಾಗದು. ಯಕ್ಷಗಾನದ ವೇಷಗಳ ಬಗ್ಗೆ ಶಿವರಾಮ ಕಾರಂತರಿಂದ ಹಿಡಿದು ಹಲವರು ಬರೆದಿದ್ದಾರೆ. ಮೇಕಪ್ ಕಲಿಸುವ ಶಾಲೆಗಳು ಮಾತ್ರ ಅದನ್ನು ಜಾನಪದದ ಕಪಾಟಿನಲ್ಲೇ ಬಿಟ್ಟಿವೆ.

ಗುಬ್ಬಿ ಕಂಪನಿಯಂಥ ವೃತ್ತಿ ರಂಗಭೂಮಿಯದು ಬೇರೆ ಕಥೆ. ಅಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ದವಡೆಯನ್ನು ತೆಳುವಾಗಿಸುವುದೇ ಬಣ್ಣಗಾರನ ಚಿಂತೆ. ಕೆಳಗಿನಿಂದ ಬೀಳುವ ಫುಟ್‌ಲೈಟ್ ಗದ್ದದ ಕೆಳಗನ್ನೂ ಬೆಳಗಿಸುತ್ತಿದ್ದುದರಿಂದ ಅಲ್ಲಿಗೆ ದಪ್ಪ ನೆರಳು ಬೇಕಿತ್ತು. ಆ ಕಾಲದ ಕೈಚಳಕ ದೊಡ್ಡದು, ಆದರೆ ನಮ್ಮ ಪ್ರಶ್ನೆಗೆ ಅಲ್ಲಿ ಹೆಚ್ಚು ಉತ್ತರವಿಲ್ಲ.

ನಿಜವಾದ ಉತ್ತರ ಹುಟ್ಟಿದ್ದು ಎಪ್ಪತ್ತರ ದಶಕದಿಂದ ಈಚೆಗೆ, ಹವ್ಯಾಸಿ ನಾಟಕಗಳ ಹಿಂದೆ, ಎಂಬುದು ನನ್ನ ನಂಬಿಕೆ. ನಾನು ಕಲಿತದ್ದೂ ಆ ಗುಂಪಿನಲ್ಲೇ. ರವೀಂದ್ರ ಕಲಾಕ್ಷೇತ್ರದಂಥ ರಂಗಮಂದಿರಗಳಲ್ಲಿ ಬೆಳಕು ಕೆಳಗಿನಿಂದ ಬರುವುದು ನಿಂತು, ಮೇಲಿನಿಂದ, ಎರಡೂ ಮಗ್ಗುಲಿನಿಂದ ಬರತೊಡಗಿತು. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದಿಟ್ಟ ಕ್ರಮ ಅದು: ನಟನ ಎದುರಿಗೆ, ಎಡಬಲಗಳಿಂದ, ಸುಮಾರು 45 ಡಿಗ್ರಿ ಎತ್ತರದಲ್ಲಿ ಎರಡು ದೀಪ. ಈ ಬೆಳಕಿನಲ್ಲಿ ಕೋಲುಮುಖದ ಕೆನ್ನೆ ಒಂದು ಚುಕ್ಕೆ ಬಣ್ಣವಿಲ್ಲದೆಯೂ ಗುಳಿ ಬೀಳುತ್ತದೆ. ಹಾಗಾಗಿ ಅಲ್ಲಿ ನೆರಳು ಬರೆಯುವ ಬದಲು, ದೀಪ ತಂದ ನೆರಳನ್ನು ತುಂಬಬೇಕಾಯಿತು.

ನಮ್ಮ ಕ್ರಮ ಹೀಗಿತ್ತು. ಮುಖಕ್ಕೆಲ್ಲ ಮೈಬಣ್ಣದ ಬೇಸ್. ಕೆನ್ನೆಮೂಳೆಯ ಕೆಳಗಿನ ತಗ್ಗಿಗೆ, ಕಣತಲೆಗೆ, ದವಡೆಯ ಹಿಂತುದಿಗೆ ಬೇಸಿಗಿಂತ ಅರ್ಧ ಅಥವಾ ಒಂದು ಛಾಯೆ ತಿಳಿಯಾದ ಬಣ್ಣ. ಹೊಳಪಿಲ್ಲದ್ದು, ಬೆರಳಿನಿಂದ ಒತ್ತಿ ಒತ್ತಿ ಅಂಚು ಅಳಿಸಿದ್ದು. ಹಣೆಯಲ್ಲಿ ಕೂದಲು ಶುರುವಾಗುವ ಕಡೆ ಮತ್ತು ಗದ್ದದ ತುದಿಯಲ್ಲಿ ಒಂದು ಛಾಯೆ ಗಾಢ; ಉದ್ದ ಅಲ್ಲಿಂದಲೇ ಕಡಿಮೆಯಾಗಬೇಕು. ಮೂಗಿನ ಕಂಬಕ್ಕೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಗೆರೆ ಎಳೆಯುವುದು ಕೂಡದು. ಬೇಕಾದರೆ ನಡುವೆ ಚಿಕ್ಕದೊಂದು ತುಂಡು, ತುದಿಗೆ ಚೂರು ಗಾಢ. ರೂಜನ್ನು ಕಣ್ಣಿನ ಕಡೆಗೆ ಏರಿಸದೆ, ಕೆನ್ನೆಯ ಉಬ್ಬಿನಿಂದ ಕಿವಿಯ ಕಡೆಗೆ ಅಡ್ಡಲಾಗಿ ಒಯ್ಯಬೇಕು. ಹುಬ್ಬು ಕಮಾನಾಗದೆ ನೇರವಾಗಿದ್ದು, ತುದಿ ಹೊರಕ್ಕೆ ಚಾಚಿರಬೇಕು. ಗಂಡಸರಿಗಾದರೆ ಕ್ರೇಪ್ ಗಡ್ಡವನ್ನು ಗದ್ದದ ಕೆಳಗೆ ಮೊನೆ ಮಾಡದೆ, ದವಡೆಯ ಬದಿಗೆ ತುಂಬುವುದು. ಇದರಲ್ಲಿ ಕೆಲವು ರಿಚರ್ಡ್ ಕಾರ್ಸನ್ ಅವರ ‘ಸ್ಟೇಜ್ ಮೇಕಪ್’ ಪುಸ್ತಕದಿಂದ ಬಂದದ್ದು. 1942ರಲ್ಲಿ ಮೊದಲು ಅಚ್ಚಾದ ಅದನ್ನು ಮೀರಿಸಿದ ಪಠ್ಯ ರಂಗಭೂಮಿಗೆ ಇನ್ನೂ ಸಿಕ್ಕಿಲ್ಲ. ಹೆಚ್ಚಿನದು ಕೊನೆಯ ಸಾಲಿನ ಕುರ್ಚಿಯಿಂದ ರಿಹರ್ಸಲ್ ನೋಡಿ, ಮತ್ತೆ ಕೋಣೆಗೆ ಓಡಿ ತಿದ್ದಿ ಕಂಡುಕೊಂಡದ್ದು.

1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ನಮ್ಮಲ್ಲಿ ಅನೇಕರು ಸ್ಟುಡಿಯೋಕ್ಕೂ ಹೋದರು. ಅಲ್ಲಿಯದು ಎಲ್ಲ ಕಡೆಯಿಂದ ಸುರಿಯುವ ಚಪ್ಪಟೆ ಬೆಳಕು. ರಂಗಕ್ಕೆ ಹಚ್ಚುವ ಬಣ್ಣದ ಅರ್ಧದಷ್ಟೂ ಬೇಕಿರಲಿಲ್ಲ. ಕ್ರಯೋಲಾನ್ ಪೇಂಟ್ ಸ್ಟಿಕ್ಕು, ಒದ್ದೆ ಸ್ಪಂಜು, ಪೌಡರು ಇದ್ದರೆ ಕೆಲಸ ಆಗುತ್ತಿತ್ತು. ಆಮೇಲೆ ಖಾಸಗಿ ವಾಹಿನಿಗಳು ಬಂದವು, ಧಾರಾವಾಹಿಗಳ ದಿನಕ್ಕಿಷ್ಟು ಸೀನು ಎಂಬ ಅವಸರ ಬಂತು. ಎಲ್ಲರಿಗೂ ಒಂದೇ ಅಚ್ಚಿನ ಮುಖ ಹಚ್ಚುವ ರೂಢಿ ಬೇರೂರಿದ್ದು ಆ ಅವಸರದಲ್ಲಿ. ಅಗಲ ಪರದೆಯ ಟಿವಿಗಳು ಮನೆಗೆ ಬಂದ ಹೊಸದರಲ್ಲಿ ಹಳೆಯ ಚೌಕಟ್ಟಿನ ಚಿತ್ರವನ್ನು ಜನ ಅಡ್ಡಕ್ಕೆ ಎಳೆದು ನೋಡುತ್ತಿದ್ದರು; ದುಂಡು ಮುಖದ ನಟಿಯರು ಇನ್ನಷ್ಟು ಕಂದು ಗೆರೆ ಕೇಳಿದ್ದಕ್ಕೆ ಅದೂ ಒಂದು ಕಾರಣ. ಕೋಲುಮುಖದವರು ಆಗ ಸುಮ್ಮನಿದ್ದರು, ಪರದೆಯೇ ಅವರ ಪರವಾಗಿತ್ತು.

ಹೊರಗಿನ ಲೋಕದಲ್ಲಿ ಈ ಅವಧಿಯಲ್ಲಿ ನನಗೆ ಅತ್ಯಂತ ಮುಖ್ಯರೆನಿಸುವವರು ಅಮೆರಿಕದ ಮೇಕಪ್ ಕಲಾವಿದ ವೇ ಬ್ಯಾಂಡಿ. 1977ರಲ್ಲಿ ‘ಡಿಸೈನಿಂಗ್ ಯುವರ್ ಫೇಸ್’ ಬರೆದ ಅವರು ಕಂದು ಬಣ್ಣವನ್ನು ಬಿಟ್ಟು, ಕೆನ್ನೆಗೆಂಪಿನಿಂದಲೇ ಮುಖದ ಆಕಾರ ಕಟ್ಟುವುದನ್ನು ತೋರಿಸಿದರು. ಕೆಂಪು ಕಣತಲೆಯವರೆಗೂ ಹರಡಿದಾಗ ಮುಖದ ಬದಿಗಳಿಗೆ ಜೀವ ಬರುತ್ತದೆ. ನೆರಳು ಅದನ್ನು ಕೊಡಲಾರದು. ಕಿರಿದು ಮುಖಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಆಮೇಲೆ ಬಂದಿಲ್ಲ. 1997ರಲ್ಲಿ ‘ಮೇಕಿಂಗ್ ಫೇಸಸ್’ ಬರೆದ ಕೆವಿನ್ ಒಕ್ವಾನ್ ಹೆಚ್ಚು ಹೆಸರಾದರು. ಪುಸ್ತಕ ಸುಂದರವಾಗಿದೆ, ಉದಾರ ಮನಸ್ಸಿನದು. ಆದರೆ ಅದನ್ನು ನೋಡಿ ಕಲಿತವರು ಹೆಚ್ಚಾಗಿ ಎತ್ತಿಕೊಂಡದ್ದು ಅವರ ಕೆತ್ತಿದ ಕೆನ್ನೆಯನ್ನು ಮಾತ್ರ.

2012ರಲ್ಲಿ ಕಿಮ್ ಕರ್ದಾಶಿಯನ್ ತಮ್ಮ ಮುಖದ ಮೇಲೆ ಇನ್ನೂ ಬೆರೆಸದ ಕಂದು–ಬಿಳಿ ಗೆರೆಗಳ ಫೋಟೋ ಹಾಕಿದರು. ಅವರ ಮೇಕಪ್ ಕಲಾವಿದ ಮಾರಿಯೋ ಡೆಡಿವಾನೊವಿಚ್. ಆ ಗೆರೆಗಳು ಆ ಮುಖಕ್ಕೆ ಅಳತೆ ಮಾಡಿ ಹೊಲಿದವು. ಜಗತ್ತು ಅದನ್ನು ಎಲ್ಲರ ನಕ್ಷೆ ಎಂದು ತಿಳಿಯಿತು. ಅಂಗಡಿಗೆ ಕಾಂಟೂರ್ ಕಿಟ್‌ಗಳು ಬಂದವು. ಕಿಟ್ಟಿನಲ್ಲಿ ನೆರಳಿನ ಬಣ್ಣ ಇದ್ದ ಮೇಲೆ ಅದನ್ನು ಹಚ್ಚಲೇಬೇಕೆಂದು ಜನರಿಗೆ ಅನ್ನಿಸಿತು. ಕೋಲುಮುಖಕ್ಕೆ ಬೇಕಾದ ತಿಳಿ, ಹೊಳಪಿಲ್ಲದ ಛಾಯೆಯನ್ನು ಆ ಡಬ್ಬಿಗಳಲ್ಲಿ ಹುಡುಕಬೇಕು.

ಮೈಬಣ್ಣದ ಪ್ರಶ್ನೆ ಇನ್ನೂ ದೊಡ್ಡದು. 2017ರಲ್ಲಿ ಫೆಂಟಿ ಬ್ಯೂಟಿ 40 ಛಾಯೆಗಳ ಫೌಂಡೇಶನ್ ತಂದ ಮೇಲೆ ಉಳಿದ ಕಂಪನಿಗಳೂ ಎಚ್ಚೆತ್ತವು, ಅದು ಒಳ್ಳೆಯ ಕೆಲಸ. ಪಾಠ ಮಾತ್ರ ಬದಲಾಗಿಲ್ಲ. ಗೋಧಿ ಬಣ್ಣದ, ಎಣ್ಣೆಗಪ್ಪಿನ ಚರ್ಮದ ಮೇಲೆ ಗಾಢ ಛಾಯೆಗೆ ಇಳಿಯಲು ಜಾಗ ಕಡಿಮೆ. ಬೂದು ಕಲೆತ ಕಂದು ಹಚ್ಚಿದರೆ ಕೊಳೆ ಮೆತ್ತಿದ ಹಾಗಾಗುತ್ತದೆ, ಬಿಳಿಚು ಹೈಲೈಟರ್ ಹಚ್ಚಿದರೆ ಮುಖ ಬೂದಿ ಬಡಿಯುತ್ತದೆ. ನಮ್ಮ ಚರ್ಮದಲ್ಲಿ ಆಕಾರ ಕಟ್ಟುವ ಹೆಚ್ಚಿನ ಕೆಲಸ ಬೆಳಕಿನದು, ಅದೂ ಜೇನು, ಹೊಂಬಣ್ಣದ ಕಡೆಯ ಬೆಚ್ಚನೆಯ ಬೆಳಕಿನದು. ಅಂದರೆ ಕಪ್ಪು ಮೈಯ ಕೋಲುಮುಖ ತಿದ್ದಲು ಕಷ್ಟದ ಮುಖವೇ ಅಲ್ಲ, ಈ ಕ್ರಮಕ್ಕೆ ಅದರಷ್ಟು ಒದಗುವ ಮುಖ ಇನ್ನೊಂದಿಲ್ಲ. ಇದನ್ನು ಬಣ್ಣದ ಚಿತ್ರಗಳ ಸಮೇತ ಹೇಳುವ ಕನ್ನಡ ಪಠ್ಯ ನಮ್ಮ ತರಬೇತಿ ಕೋಣೆಗಳಿಗೆ ಇನ್ನೂ ಬರಬೇಕಾಗಿದೆ. ವಯಸ್ಸಾದ ಹೆಂಗಸರ ಕೆನ್ನೆ ಇಳಿದು ಮುಖ ಕಿರಿದಾಗುವ ಬಗ್ಗೆಯಂತೂ ಯಾರೂ ಕಲಿಸುತ್ತಿಲ್ಲ. ಮಗಳ ಮದುವೆಯಲ್ಲಿ ತಾಯಿಗೂ ಮೇಕಪ್ ಮಾಡುವುದು ಈಗ ಎಲ್ಲ ಊರಿನಲ್ಲೂ ಇದೆ.

ಕೊನೆಗೆ ಫೋನು. ಕೈಯಳತೆಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಮೂಗು ತೀರ ಹತ್ತಿರ, ಕಿವಿಗಳು ದೂರ. ಆದ್ದರಿಂದ ಮೂಗು ದೊಡ್ಡದಾಗಿ, ಮುಖದ ಬದಿಗಳು ಹಿಂದಕ್ಕೆ ಸರಿದು, ಯಾರ ಮುಖವೇ ಆದರೂ ಇದ್ದುದಕ್ಕಿಂತ ಕಿರಿದಾಗಿ ಕಾಣುತ್ತದೆ. ಭಾವಚಿತ್ರ ತೆಗೆಯುವವರು ಉದ್ದ ಲೆನ್ಸು ಹಾಕಿ ಕೆಲವು ಅಡಿ ಹಿಂದೆ ನಿಲ್ಲುವುದು ಇದೇ ಕಾರಣಕ್ಕೆ. ಎಲ್ಲರೂ ತಮ್ಮ ಮುಖವನ್ನು ಸೆಲ್ಫಿಯಲ್ಲೇ ನೋಡಿಕೊಳ್ಳುವ ಈ ಕಾಲದಲ್ಲಿ ಕಿರಿದು ಮುಖದ ಪ್ರಶ್ನೆ ಬರೀ ಕೋಲುಮುಖದವರದಾಗಿ ಉಳಿದಿಲ್ಲ. ಟ್ರಯಲ್ ಮೇಕಪ್ಪಿನ ದಿನ ಹುಡುಗಿಯನ್ನು ರಿಂಗ್ ಲೈಟಿನ ಮುಂದೆ ಕೂರಿಸಿ ಸೆಲ್ಫಿ ತೆಗೆಸುವ ಬದಲು, ಛತ್ರದ ದೀಪದ ಕೆಳಗೆ ನಿಲ್ಲಿಸಿ ಹತ್ತಡಿ ದೂರದಿಂದ ಒಂದು ಫೋಟೋ ತೆಗೆಯಬೇಕು. ಕೆನ್ನೆಯ ತಗ್ಗು ಎಲ್ಲಿದೆ, ಅಲ್ಲಿಗೆ ಎಷ್ಟು ತಿಳಿಬಣ್ಣ ಬೇಕು ಎಂಬುದು ಆ ಒಂದು ಫೋಟೋದಲ್ಲಿ ಗೊತ್ತಾಗುತ್ತದೆ.