ಸಲ್ಲೇಖನ, ನ್ಯಾಯಾಲಯ ಮತ್ತು ರಾಜ್ಯದ ಹೊಣೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕೂಗೆ ಬ್ರಹ್ಮದೇವರ ಕಂಬವೆಂದು ಪ್ರಸಿದ್ಧವಾದ ಸ್ತಂಭವೊಂದಿದೆ. ಗಂಗದೊರೆ ಇಮ್ಮಡಿ ಮಾರಸಿಂಹನ ಕದನಗಳನ್ನೂ ಗೆಲುವುಗಳನ್ನೂ ಬಿರುದುಗಳನ್ನೂ ವಿಸ್ತಾರವಾಗಿ ಹೊಗಳುವ ಅದರ ಶಾಸನ, ಕೊನೆಗೆ ಬಂದಾಗ ಧ್ವನಿ ತಗ್ಗಿಸುತ್ತದೆ. ಆ ದೊರೆ ರಾಜ್ಯವನ್ನು ತ್ಯಜಿಸಿದನು. ಒಂದು ವರ್ಷದ ತರುವಾಯ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತವನ್ನಾಚರಿಸಿ ಸಮಾಧಿಯನ್ನು ಪಡೆದನು. ಕಾಲ ಸುಮಾರು ಕ್ರಿ.ಶ. 974-75. ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಮೊದಲು ಅಧಿಕಾರದ ತ್ಯಾಗ, ಆಮೇಲೆ ಆಹಾರದ ತ್ಯಾಗ, ಅದೂ ಗುರುವಿನ ಕಣ್ಣೆದುರಿಗೆ. ಯಾರು, ಎಲ್ಲಿ, ಯಾರ ಸಮಕ್ಷಮದಲ್ಲಿ ಎಂಬ ಮೂರಕ್ಕೂ ಕಲ್ಲು ಉತ್ತರ ಕೊಡುತ್ತದೆ.

ಅವನ ಸೋದರಳಿಯನೂ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮೊಮ್ಮಗನೂ ಆದ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಅದೇ ದಾರಿ ಹಿಡಿದನು. ಅಷ್ಟರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಕುಸಿದುಬಿದ್ದಿತ್ತು. ಸೋತವರ ನಿರಾಶೆಯೇ ಇದಕ್ಕೆ ಕಾರಣವೆಂದು ಹೇಳುವವರು ಇದ್ದಾರೆ. ಇರಬಹುದು, ಒಬ್ಬನ ಅಂತರಂಗವನ್ನು ಸಾವಿರ ವರ್ಷದ ಬಳಿಕ ಶಾಸನದಿಂದ ಓದುವುದು ಕಷ್ಟ. ಆದರೆ ಬೆಳಗೊಳದ ನಿಸಿದಿಗಳಲ್ಲಿ ರಾಜರಿಗಿಂತ ಮುನಿಗಳು, ಆರ್ಯಿಕೆಯರು, ಗೃಹಸ್ಥರು, ಗೃಹಿಣಿಯರೇ ಹೆಚ್ಚು. ಸೋಲಲು ರಾಜ್ಯವೇ ಇಲ್ಲದಿದ್ದವರು ಅವರು.

ಹೊಯ್ಸಳರ ದಂಡನಾಯಕ ಗಂಗರಾಜನ ಮನೆಯನ್ನೇ ನೋಡಬಹುದು. ಅವನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ ಇಬ್ಬರೂ 1120ರ ಆಸುಪಾಸಿನಲ್ಲಿ ಸಮಾಧಿಮರಣವನ್ನು ಹೊಂದಿದರು. ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಗುರುಗಳ ಸಮಕ್ಷಮದಲ್ಲಿ ಒಂದು ತಿಂಗಳು ಅನಶನದಲ್ಲಿದ್ದು ದೇಹ ಬಿಟ್ಟಳು. ಅವಳ ಗಂಡ ಮಾರಸಿಂಗಯ್ಯ ಶಿವಭಕ್ತ. ಹೆಂಡತಿಯ ವ್ರತಕ್ಕೆ ಗಂಡನ ಮತ ಅಡ್ಡಬಂದಂತೆ ಕಾಣುವುದಿಲ್ಲ.

ಶಿವಗಂಗೆಯಿಂದ ಪಡುವಣಕ್ಕೆ ಸಾಗಿದರೆ ತುಮಕೂರಿನ ತೆಂಗಿನ ಸೀಮೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ, ಹುಳಿಯಾರಿನಾಚೆ ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿ. ಈ ಎರಡರ ನಡುವಣ ನಾಡಿನಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ ಹಂದನಕೆರೆ. ಇಂದು ಇದು ಕೊಬ್ಬರಿಯ ಧಾರಣೆಯನ್ನೇ ನೆಚ್ಚಿ ಬದುಕುವ ಸೀಮೆ. ಮನೆಯ ಹಿರಿಯರು ಹಾಸಿಗೆ ಹಿಡಿದರೆ ತಿಪಟೂರು, ಅಲ್ಲಿಯೂ ಆಗದಿದ್ದರೆ ತುಮಕೂರು, ಬೆಂಗಳೂರು ಎಂದು ಆಸ್ಪತ್ರೆಗೆ ಹೊರಡುವ ಸೀಮೆ. ಬಾಳಿನ ಕೊನೆಯ ನಿರ್ಣಯ ಯಾರದೆಂಬ ಪ್ರಶ್ನೆ ಇಂತಹ ಊರುಗಳ ಮನೆಯೊಳಗೇ ಏಳುತ್ತದೆ. ಉತ್ತರಕ್ಕಾಗಿ ದೇಶ ನ್ಯಾಯಾಲಯದ ಮೊರೆಹೊಕ್ಕ ಬಗೆಯನ್ನು ತಿಳಿಯುವ ಮುನ್ನ, ಶಾಸ್ತ್ರದ ಉತ್ತರವೇನಿತ್ತೆಂಬುದನ್ನು ನೋಡಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಸಂದರ್ಭಗಳನ್ನು ಗೊತ್ತುಮಾಡುತ್ತದೆ: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಪರಿಹಾರವಿಲ್ಲದ ಎಂಬ ವಿಶೇಷಣವೇ ಅಲ್ಲಿನ ಬೀಗ. ತತ್ತ್ವಾರ್ಥಸೂತ್ರ ವ್ರತದ ಅತಿಚಾರಗಳನ್ನು ಎಣಿಸುವಾಗ ಬದುಕಬೇಕೆಂಬ ಆಸೆಯ ಜೊತೆಯಲ್ಲೇ ಬೇಗ ಸಾಯಬೇಕೆಂಬ ಆಸೆಯನ್ನೂ ದೋಷವೆಂದು ಹೇಳುತ್ತದೆ. ಶಿವಾರ್ಯರ ಭಗವತೀ ಆರಾಧನೆ ಇನ್ನೂ ಮುಂದೆ ಹೋಗಿ, ಕ್ಷಪಕನ ಸುತ್ತ ನಲವತ್ತೆಂಟು ಮಂದಿ ನಿರ್ಯಾಪಕರಿರಬೇಕೆಂದು ವಿಧಿಸುತ್ತದೆ. ದೊರೆಯದ ಕಾಲದಲ್ಲಿ ಕಡೆಯ ಪಕ್ಷ ಇಬ್ಬರು. ಒಬ್ಬನೇ ನಿರ್ಯಾಪಕನು ಸಲ್ಲದು. ಈ ಒಂದು ಕಟ್ಟಳೆಯಲ್ಲಿ ಅಡಗಿರುವ ಎಚ್ಚರವನ್ನು ಇಂದಿನ ವೈದ್ಯಕೀಯ ಮಂಡಳಿಗಳ ನಿಯಮ ಬರೆದವರೂ ಒಪ್ಪಿಯಾರು.

ಗುರುವಿಗೆ ಇಲ್ಲವೆನ್ನುವ ಅಧಿಕಾರವೂ ಇತ್ತು. ಸಮಂತಭದ್ರರ ವಿಷಯದಲ್ಲೇ ಒಂದು ಕಥೆ ಪ್ರಸಿದ್ಧವಾಗಿದೆ. ಭಸ್ಮಕವೆಂಬ ತಣಿಯದ ಹಸಿವಿನ ರೋಗಕ್ಕೆ ಸಿಕ್ಕಿದ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ನಿರಾಕರಿಸಿದರಂತೆ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಉಳಿದಿದೆ, ರೋಗ ವಾಸಿಯಾಗುವಂಥದು ಎಂದು. ಸಲ್ಲೇಖನಕ್ಕೆ ನಿಯಮ ಬರೆದವರಿಗೇ ಸಲ್ಲೇಖನ ದೊರೆಯಲಿಲ್ಲವೆಂಬ ಈ ಕಥೆ ನ್ಯಾಯಾಲಯಗಳ ವಾದದಲ್ಲಿ ಬಂದಿದ್ದರೆ ಚೆನ್ನಾಗಿತ್ತು.

1860ರ ಭಾರತೀಯ ದಂಡಸಂಹಿತೆ ಇದಾವುದನ್ನೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಅದರ 309ನೆಯ ಕಲಂ ಆತ್ಮಹತ್ಯೆಯ ಯತ್ನವನ್ನೂ 306ನೆಯ ಕಲಂ ಅದರ ಪ್ರೇರಣೆಯನ್ನೂ ಅಪರಾಧವೆಂದವು. ಸಲ್ಲೇಖನ ಇವುಗಳಲ್ಲಿ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಶಾಸಕಾಂಗ ಹೇಳಲಿಲ್ಲ. ಆಳುವವರಿಗೆ ಹೇಳುವ ಮನಸ್ಸೂ ಇದ್ದಂತಿಲ್ಲ. ಬೆಳಗಾವಿ ಜಿಲ್ಲೆಯ ಭೋಜ ಪರಿಸರದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನದಿಂದ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಅದು ಗುಟ್ಟಿನ ಸಂಗತಿಯಾಗಿರಲಿಲ್ಲ. ಜನ ದೂರದೂರಿನಿಂದ ದರ್ಶನಕ್ಕೆ ನೆರೆದಿದ್ದರು. ವಿನೋಬಾ ಭಾವೆಯವರು 1982ರ ನವೆಂಬರಿನಲ್ಲಿ ಪವನಾರದ ಆಶ್ರಮದಲ್ಲಿ ಅನ್ನವನ್ನೂ ಔಷಧವನ್ನೂ ಬಿಟ್ಟು ತೀರಿಕೊಂಡರು. ಮರುವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಭಾರತರತ್ನವನ್ನು ನೀಡಿತು. ಕಾನೂನು ಪುಸ್ತಕದಲ್ಲಿ ಒಂದು ಮಾತು, ಆಚರಣೆಯಲ್ಲಿ ಮತ್ತೊಂದು. ಈ ಅನುಕೂಲಕರ ಮೌನ ಸಮಾಜಕ್ಕೂ ಒಗ್ಗಿಹೋಗಿತ್ತು.

ಕಾನೂನು ಆಯೋಗ 1971ರಲ್ಲೇ 309ನೆಯ ಕಲಮನ್ನು ತೆಗೆಯಲು ಶಿಫಾರಸು ಮಾಡಿತ್ತು. 1978ರಲ್ಲಿ ಮಸೂದೆ ರಾಜ್ಯಸಭೆಯನ್ನು ದಾಟಿತು; ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. ಆಮೇಲೆ ಭಾರವೆಲ್ಲ ನ್ಯಾಯಾಧೀಶರ ಹೆಗಲಿಗೆ. 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ಆ ಕಲಂ ಅಸಿಂಧುವೆಂದಿತು. 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರ ಪೀಠ ಅದನ್ನು ತಳ್ಳಿಹಾಕಿ, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದಿತು. ಆದರೆ ಸಹಜ ಮರಣ ಆರಂಭವಾದವನಿಗೆ ಘನತೆಯಿಂದ ಸಾಯುವ ಹಕ್ಕಿದೆಯೆಂಬ ಕಿರುಬಾಗಿಲನ್ನು ಅದೇ ತೀರ್ಪು ತೆರೆದಿಟ್ಟಿತು.

ರಾಜಸ್ಥಾನ ಉಚ್ಚ ನ್ಯಾಯಾಲಯಕ್ಕೆ 2006ರಲ್ಲಿ ಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ 2015ರ ಆಗಸ್ಟ್ 10ರಂದು ತೀರ್ಪು ಹೊರಬಿತ್ತು. ಸಂಥಾರ ಅಥವಾ ಸಲ್ಲೇಖನ ಜೈನಧರ್ಮದ ಅತ್ಯವಶ್ಯ ಅಂಗವೆಂದು ಸಿದ್ಧಪಟ್ಟಿಲ್ಲ, ಅದನ್ನು ಆತ್ಮಹತ್ಯೆಯೆಂದೇ ಪರಿಗಣಿಸಿ 309 ಮತ್ತು 306ರಡಿ ಕ್ರಮ ಜರುಗಿಸಬೇಕು ಎಂದು ನ್ಯಾಯಾಲಯ ಆದೇಶಿಸಿತು. ಒಂದೇ ದಿನದಲ್ಲಿ ಕ್ಷಪಕ ಆರೋಪಿಯಾದ, ನಿರ್ಯಾಪಕ ಪ್ರೇರಕನಾದ. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ತೀರ್ಪಿಗೆ ತಡೆ ನೀಡಿತು. ದತ್ತು ಅವರು ತೆಂಗಿನ ಸೀಮೆಗೆ ಹೊಂದಿಕೊಂಡ ಚಿಕ್ಕಮಗಳೂರು ಜಿಲ್ಲೆಯವರು. ತಡೆ ಸಿಕ್ಕಿತೆಂದು ಸಮಾಜ ನೆಮ್ಮದಿಯ ಉಸಿರು ಬಿಟ್ಟಿತು. ಹತ್ತು ವರ್ಷ ತುಂಬಿದಾಗಲೂ ಅಂತಿಮ ತೀರ್ಪು ಬಂದಿರಲಿಲ್ಲ.

ಈ ನಡುವೆ ಶಾಸಕಾಂಗ ಎರಡು ಹೆಜ್ಜೆ ಇಟ್ಟಿತು, ಎರಡೂ ಓರೆಯಾಗಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಂ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದು ಭಾವಿಸಿ ಅವನನ್ನು ದಂಡಿಸಬಾರದೆಂದಿತು. ಕರುಣೆಯ ಕಾನೂನು, ನಿಜ. ಆದರೆ ಸಲ್ಲೇಖನಕ್ಕೆ ಅದರ ಆಶ್ರಯ ಪಡೆಯಹೊರಟರೆ, ಶಾಸ್ತ್ರ ಯಾವ ತಿಳಿಮನಸ್ಸನ್ನು ವ್ರತದ ಪ್ರಾಣವೆನ್ನುತ್ತದೆಯೋ ಅದೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಹಳೆಯ 309 ಆ ರೂಪದಲ್ಲಿ ಉಳಿಯಲಿಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿಯಿತು. ಪ್ರೇರಣೆಯ ಅಪರಾಧ ಮಾತ್ರ 108ನೆಯ ಕಲಮಿನಲ್ಲಿ ಹಾಗೆಯೇ ಇದೆ. ಮಕ್ಕಳ ಅಥವಾ ಚಿತ್ತಸ್ವಾಸ್ಥ್ಯವಿಲ್ಲದವರ ವಿಷಯದಲ್ಲಿ 107ನೆಯ ಕಲಂ ಇನ್ನೂ ಕಠಿಣ. ಹೀಗಾಗಿ, ಸಲ್ಲೇಖನ ಆತ್ಮಹತ್ಯೆಯೆಂದು ನಾಳೆ ತೀರ್ಮಾನವಾದರೆ ಭಾರ ಬೀಳುವುದು ವ್ರತ ಹಿಡಿದವರ ಮೇಲಲ್ಲ. ಮನೆಯವರ ಮೇಲೆ, ಮುನಿಗಳ ಮೇಲೆ, ಸ್ಥಳ ಒದಗಿಸಿದ ಬಸದಿಯ ಆಡಳಿತ ಮಂಡಳಿಯ ಮೇಲೆ.

ಈ ಅಪಾಯ ಹೊರಗಿನವರಿಂದಲೇ ಬರುತ್ತದೆಂದು ಭಾವಿಸಬೇಕಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಇಂದೋರಿನಲ್ಲಿ ಮಿದುಳಿನ ಗೆಡ್ಡೆಯಿಂದ ನರಳುತ್ತಿದ್ದ ಮೂರು ವರ್ಷದ ಹೆಣ್ಣುಮಗುವಿಗೆ ಸಂಥಾರ ಕೊಡಿಸಲಾಯಿತು; ಅದನ್ನು ದಾಖಲೆಯೆಂದು ಗುರುತಿಸಿ ಪ್ರಮಾಣಪತ್ರವೂ ಬಂತು. ಹೆತ್ತವರ ಸಂಕಟವನ್ನು ಅಳೆಯುವ ಹಕ್ಕು ಯಾರಿಗೂ ಇಲ್ಲ. ಆದರೂ ವ್ರತವೆಂದರೆ ಅರಿತು ಹಿಡಿಯುವುದು. ಮೂರರ ಮಗು ಏನನ್ನು ಅರಿತಿತು? ಅಪ್ರಾಪ್ತರಿಗೆ ಈ ವ್ರತ ಕೊಡುವುದನ್ನು ತಡೆಯಬೇಕೆಂಬ ಅರ್ಜಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಇಂದೋರ್ ಪೀಠಕ್ಕೆ ಹೋಯಿತು. ಸಂಘವೇ ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಟ್ಟುಕೊಟ್ಟದ್ದು ಸಂಘಕ್ಕೆ ಗೌರವ ತರುವ ಸಂಗತಿಯಲ್ಲ. ಕ್ಷಪಕನನ್ನು ಪರೀಕ್ಷಿಸುತ್ತಿದ್ದ ಹಳೆಯ ನಿರ್ಯಾಪಕಾಚಾರ್ಯರು ಏನು ಮಾಡುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆಸ್ಪತ್ರೆಯ ಕಡೆಯಿಂದ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬಂತು, ಅದರ ಮೂಲವೂ ಕನ್ನಡನಾಡೇ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ 18ರಂದು ಸಾಯುವವರೆಗೆ ಅಲ್ಲಿಯೇ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಿ ಅವರನ್ನು ಬಿಡುಗಡೆ ಮಾಡಬೇಕೆಂದು ಲೇಖಕಿಯೊಬ್ಬರು ಹಾಕಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಅವರ ಪರವಾಗಿ ಮಾತನಾಡುವ ಹಕ್ಕು ದಶಕಗಳ ಕಾಲ ಶುಶ್ರೂಷೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ಶುಶ್ರೂಷೆ ಮಾಡಿದವರಿಗೇ ಮಾತಿನ ಹಕ್ಕು ಎಂಬುದು ನಿರ್ಯಾಪಕರ ಕಲ್ಪನೆಗೆ ದೂರವಲ್ಲ. ಸಂಸತ್ತು ಕಾನೂನು ಮಾಡುವವರೆಗೆ ಎಂಬ ಷರತ್ತಿನೊಡನೆ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಅದೇ ತೀರ್ಪು ಒಂದು ಕ್ರಮವನ್ನೂ ಹಾಕಿಕೊಟ್ಟಿತು. 2018ರ ಮಾರ್ಚ್ 9ರಂದು ಐವರ ಪೀಠ ಅದನ್ನು ಹಕ್ಕಿನ ಮಟ್ಟಕ್ಕೇರಿಸಿತು, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ಜಾರಿಗೆ ತರಲು ಮುಂದಾಯಿತು. ನ್ಯಾಯಾಲಯ ಹೇಳಿ ಎರಡು ವರ್ಷವಾಗಿತ್ತು. ಆದರೂ ಒಂದು ಸರ್ಕಾರ ತನ್ನ ಹೊಣೆಯೆಂದು ಎದ್ದುನಿಂತದ್ದನ್ನು ಮೆಚ್ಚಲೇಬೇಕು.

ಗುಣವಾಗುವ ಆಸೆಯಿಲ್ಲದ ರೋಗಿಯ ಚಿಕಿತ್ಸೆ ನಿಲ್ಲಿಸುವ ಮುನ್ನ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಒಪ್ಪಬೇಕು. ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು. ನಿರ್ಣಯವನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು ಸಲ್ಲೇಖನಕ್ಕೆ ಸಂಬಂಧಿಸಿದ್ದಲ್ಲ, ಸಂಬಂಧಿಸಿದ್ದೆಂದು ತಿಳಿಯುವುದು ತಪ್ಪು. ಆದರೆ ಶ್ರಾವಕ ಕುಟುಂಬಗಳಿಗೆ ಇದರಲ್ಲಿ ಉಪಯೋಗಕ್ಕೆ ಬರುವ ಅಂಶವೊಂದಿದೆ. ಪ್ರಾಪ್ತ ವಯಸ್ಕರು ಸ್ವಸ್ಥ ಮನಸ್ಸಿನಲ್ಲಿರುವಾಗಲೇ, ತಮಗೆ ಮುಂದೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಬರೆದು, ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆಯಬಹುದು. ಕೊನೆಯ ದಿನಗಳನ್ನು ಬಸದಿಯ ನೆರಳಿನಲ್ಲಿ ಕಳೆಯಬೇಕೆಂದಿದ್ದ ಅಜ್ಜಿಯನ್ನು, ಕೇಸಾದೀತೆಂಬ ಅಂಜಿಕೆಯಿಂದ ಮಕ್ಕಳು ತೀವ್ರ ನಿಗಾ ಘಟಕಕ್ಕೆ ಒಯ್ದು ಮೂಗಿಗೆ ನಳಿಕೆ ಹಾಕಿಸುವಾಗ, ಅವರ ಕೈಯಲ್ಲಿ ಇಂತಹ ಕಾಗದವೊಂದಿದ್ದರೆ ವೈದ್ಯರೊಡನೆ ಮಾತನಾಡಲು ನೆಲೆಯೊಂದು ಸಿಗುತ್ತದೆ.

ಆ ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ, ಹಳ್ಳಿಯಲ್ಲಾದರೆ ಪಂಚಾಯಿತಿಗೆ, ಒಪ್ಪಿಸಬೇಕು. ಅದನ್ನು ಕಾಯ್ದಿಡಲು ಅಧಿಕಾರಿಯೊಬ್ಬರನ್ನು ಆ ಸಂಸ್ಥೆ ಗೊತ್ತುಮಾಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮಹಾರಾಷ್ಟ್ರದಲ್ಲಿ ಇಂತಹ ಅಧಿಕಾರಿಗಳು ನೇಮಕವಾಗಲು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಬೇಕಾಯಿತು. ಹಂದನಕೆರೆಯ ಹಿರಿಯರೊಬ್ಬರು ತಮ್ಮ ಪತ್ರ ಹಿಡಿದು ಗ್ರಾಮ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದ ದಿನ, ಅದನ್ನು ಯಾವ ಮೇಜಿನ ಮೇಲಿಡಬೇಕೆಂದು ಅಲ್ಲಿಯ ಗುಮಾಸ್ತರಿಗೆ ಗೊತ್ತಿರಬೇಕು. ಅದಕ್ಕೆ ಹೊಸ ತೀರ್ಪು ಬೇಕಿಲ್ಲ. ತಾಲ್ಲೂಕು ಪಂಚಾಯಿತಿಯ ಒಂದು ಸುತ್ತೋಲೆ ಸಾಕು.