ಬಾಣ ತರುವವ ಬರುವ ತನಕ

ಹೊಳೆಯಲ್ಲಿ ಹೊಕ್ಕುಳಮಟ್ಟದ ನೀರಿನಲ್ಲಿ ಒಬ್ಬ ನಿಂತಿದ್ದಾನೆ. ಆರೋಪ ಹೊತ್ತವನು ಅವನ ತೊಡೆ ಹಿಡಿದು ಮುಳುಗಬೇಕು. ದಂಡೆಯ ಮೇಲೆ ತೋರಣ ನೆಟ್ಟಿದೆ. ಬಿಲ್ಲುಗಾರ ಮೂರು ಬಾಣ ಬಿಟ್ಟಿದ್ದಾನೆ, ಕಬ್ಬಿಣದ ಮೊನೆಯಿಲ್ಲದ ಬಿದಿರ ಬಾಣ. ನಡುವಿನ ಬಾಣ ಬಿದ್ದಲ್ಲಿಗೆ ಹೋದ ಓಟಗಾರ ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಾನೆ; ಇನ್ನೊಬ್ಬ ಓಟಗಾರ ತೋರಣದ ಬುಡದಲ್ಲಿದ್ದಾನೆ. 50 ಮಂದಿಯಲ್ಲಿ ಎಲ್ಲರಿಗಿಂತ ವೇಗದವರೆಂದು ಆರಿಸಿದ ಇಬ್ಬರು ಇವರು. ಮೂರನೆಯ ಚಪ್ಪಾಳೆಗೆ ಆರೋಪಿ ಮುಳುಗುತ್ತಾನೆ, ತೋರಣದವನು ಓಡುತ್ತಾನೆ. ಅವನು ಅಲ್ಲಿಗೆ ಮುಟ್ಟಿದ ಕೂಡಲೇ ಬಾಣ ಹಿಡಿದವನು ಇತ್ತ ಓಡಿ ಬರುತ್ತಾನೆ. ಬಂದು ನೋಡಿದಾಗ ಆರೋಪಿಯ ಮೈ ನೀರೊಳಗೇ ಇದ್ದರೆ ಅವನು ನಿರಪರಾಧಿ. ನೆತ್ತಿ ಕಂಡರೆ ಅಡ್ಡಿಯಿಲ್ಲ. ಕಿವಿ, ಮೂಗು ಕಂಡರೆ ಮುಗಿಯಿತು.

ಜಲದಿವ್ಯದ ಈ ಕ್ರಮವನ್ನು ಹಳೆಯ ಸ್ಮೃತಿಗಳಿಂದ ಆಯ್ದು ವಿವರಿಸಿದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು; ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ನಮ್ಮ ಕಡೆಯ ನಂಬಿಕೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಆಸ್ತಿ ಪಾಲಿನ ದಾವೆಗಳಲ್ಲಿ ಆ ಹೆಸರು ಕೇಳದ ವಕೀಲರಿಲ್ಲ. ನಾನು ಕಲ್ಮಲದವನು, ರಾಯಚೂರಿನ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಲೇ ವಯಸ್ಸಾದವನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗ್ರಂಥದ ಪಾಲುಪಟ್ಟಿಯಲ್ಲ, ಕಳುವಿನ ಭಾಗ ಮತ್ತು ದಿವ್ಯದ ಭಾಗ. ಮಾಡದ ತಪ್ಪಿಗೆ ಸಿಕ್ಕಿಬಿದ್ದವನನ್ನು ಈ ನೆಲ ಹೇಗೆ ನಡೆಸಿಕೊಂಡಿತು ಎಂಬುದು ಅಲ್ಲಿದೆ.

ಇಂದಿಗೂ ನಮ್ಮೂರ ಕಡೆಯವರು ಮೊದಲು ಹೇಳುವುದು ಕೋರ್ಟಿನ ಮಾತಲ್ಲ. ಮೋಟಾರು ಕಳುವಿನ ಕೇಸಿನಲ್ಲಿ ಸಿಕ್ಕಿದ್ದ ಹುಡುಗನೊಬ್ಬನ ತಾಯಿ ನನ್ನ ಮುಂದೆ ಕೂತು ಅಂದದ್ದು ಇಷ್ಟೆ: "ವಕೀಲ್ರೆ, ನನ್ ಮಗ ಕದ್ದಿಲ್ರಿ. ಊರ ಗುಡಿಗೆ ಕರೀರಿ ಅವ್ರನ್ನ. ಭಂಡಾರ ಮುಟ್ಟಿ ಆಣಿ ಮಾಡ್ತಾನ, ಅವ್ರೂ ಮಾಡ್ಲಿ." ಆ ಕೊನೆಯ ಎರಡು ಮಾತಿನಲ್ಲಿ ದೊಡ್ಡ ನ್ಯಾಯವಿದೆ. ಯಾಜ್ಞವಲ್ಕ್ಯನ ಮಾತೂ ಅದೇ: ದೊಡ್ಡ ಆರೋಪಗಳಲ್ಲಿ ದಿವ್ಯ ಮಾಡಿಸಬೇಕಾದರೆ, ತಾನು ಸೋತರೆ ದಂಡಕ್ಕೆ ಒಳಗಾಗುತ್ತೇನೆಂದು ಫಿರ್ಯಾದಿ ಮೊದಲು ಒಪ್ಪಬೇಕು. ಬೊಟ್ಟು ಮಾಡಿ ತೋರಿಸಿ ಮನೆಗೆ ಹೋಗಿ ಮಲಗುವಂತಿರಲಿಲ್ಲ.

ದಿವ್ಯವೇ ಮೊದಲ ಹಾದಿಯೂ ಆಗಿರಲಿಲ್ಲ. ಮೊದಲು ಬರಹ, ಅನುಭೋಗ, ಸಾಕ್ಷಿ. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯ. ಅದರಲ್ಲೂ ಐದು ಬಗೆ: ತಕ್ಕಡಿ, ಬೆಂಕಿ, ನೀರು, ವಿಷ, ದೇವರ ಅಭಿಷೇಕದ ನೀರು ಕುಡಿಯುವ ಕೋಶ. ಬೆಂಕಿಯದಾದರೆ ಅಂಗೈ ಮೇಲೆ ಏಳು ಅರಳಿ ಎಲೆ ಇಟ್ಟು ದಾರ ಸುತ್ತಿ, ಕಾದು ಕೆಂಪಾದ 50 ಪಲ ತೂಕದ ಕಬ್ಬಿಣದ ಗುಂಡು ಹೊತ್ತು ಏಳು ಮಂಡಲ ದಾಟಬೇಕು. ಕೋಶದಲ್ಲಿ ಮೂರು ಬೊಗಸೆ ನೀರು ಕುಡಿದ ಮೇಲೆ 14 ದಿನ ಕಾಯಬೇಕು. ಅಷ್ಟರೊಳಗೆ ರಾಜನಿಂದಲೋ ದೈವದಿಂದಲೋ ಘೋರ ಕೇಡು ಬಾರದಿದ್ದರೆ ಶುದ್ಧ. ಚಳಿಗಾಲದಲ್ಲಿ ನೀರಿನ ದಿವ್ಯ ಕೂಡದು, ಬೇಸಿಗೆಯಲ್ಲಿ ಬೆಂಕಿಯದು ಕೂಡದು. ಮುಳುಗುವ ನೀರಿನಲ್ಲಿ ಮೊಸಳೆ, ಜಿಗಣೆ ಇರಬಾರದು ಎಂದೂ ಇದೆ. ನಮ್ಮ ಕೃಷ್ಣೆಯ ಮೊಸಳೆಗಳನ್ನು ಕಂಡವರಿಗೆ ಆ ಷರತ್ತಿನ ಬೆಲೆ ಗೊತ್ತು.

ಇವು ಬರೀ ಗ್ರಂಥದಲ್ಲಿ ಉಳಿದ ಮಾತುಗಳಲ್ಲ. 12ನೇ ಶತಮಾನದ ಕೊನೆಗೆ, ಗೋವೆಯ ಕದಂಬರ ಆಳ್ವಿಕೆಯಲ್ಲಿ, ಕಿತ್ತೂರಿನ ಎರಡು ಗುಡಿಗಳ ಆಚಾರ್ಯರು ಒಂದು ಹೊಲಕ್ಕಾಗಿ ಜಗಳವಾಡಿ ಫಾಲದಿವ್ಯಕ್ಕೆ ಒಪ್ಪಿದ್ದು ಶಾಸನದಲ್ಲೇ ಇದೆ. ಕಾದ ನೇಗಿಲ ಗುಳ ಹಿಡಿದ ಕೈಯನ್ನು ಮರುದಿನ ನೋಡಿ ತೀರ್ಪು ಕೊಟ್ಟರು.

ನಾನು ದಿವ್ಯವನ್ನು ಹೊಗಳಲಾರೆ. ಉಸಿರು ಬಿಗಿಹಿಡಿಯುವ ಶಕ್ತಿಗೂ ಸತ್ಯಕ್ಕೂ ಏನು ನಂಟು? ಓಟಗಾರ ಎಡವಿದರೆ ನೀರೊಳಗಿನವನ ಗತಿ ಏನು? ಇದಕ್ಕಿಂತ ನೋವಿನ ಸಂಗತಿ, ಯಾರಿಗೆ ಯಾವ ದಿವ್ಯ ಎನ್ನುವಲ್ಲಿ ಜಾತಿ ಬಂದು ಕೂತಿರುವುದು. ಹೆಂಗಸರು, ಮಕ್ಕಳು, ಮುದುಕರು, ಕುರುಡರು, ಕುಂಟರು, ರೋಗಿಗಳ ಸಾಲಿನಲ್ಲಿ ಬ್ರಾಹ್ಮಣನಿಗೂ ತಕ್ಕಡಿ. ಶೂದ್ರನಿಗೆ ಬೆಂಕಿ, ನೀರು, ಇಲ್ಲವೆ ಏಳು ಜವೆ ತೂಕದ ವಿಷ. ಯಾರ ಕೈ ಸುಡಬಹುದು ಎಂಬುದು ವಿಚಾರಣೆಗೆ ಮೊದಲೇ ತೀರ್ಮಾನವಾಗಿತ್ತು.

ಆದರೆ ಅದೇ ವಿಜ್ಞಾನೇಶ್ವರ ಕಳುವಿನ ಪ್ರಕರಣದಲ್ಲಿ ಬೇರೆಯದೇ ದನಿಯಲ್ಲಿ ಮಾತಾಡುತ್ತಾನೆ. ಸಂಶಯದ ಮೇಲೆ ಯಾರನ್ನು ಹಿಡಿಯಬಹುದೆಂದು ಸ್ಮೃತಿ ಪಟ್ಟಿ ಕೊಡುತ್ತದೆ: ಹೆಸರು, ಜಾತಿ ಮುಚ್ಚಿಡುವವರು, ಜೂಜು ಕುಡಿತಕ್ಕೆ ಬಿದ್ದವರು, ಕೇಳಿದರೆ ಮುಖ ಒಣಗಿ ದನಿ ನಡುಗುವವರು. ಪೊಲೀಸರ ಮುಂದೆ ನಿಂತ ಬಡವನ ಮುಖ ಒಣಗದೆ ಇರುತ್ತದೆಯೇ? ವ್ಯಾಖ್ಯಾನಕಾರನಿಗೂ ಈ ಅಪಾಯ ಹೊಳೆದಿದೆ. ಹಾಗೆ ಹಿಡಿದ ಮಾತ್ರಕ್ಕೆ ಕಳ್ಳನೆಂದು ತೀರ್ಮಾನಿಸಬೇಡಿ ಎನ್ನುತ್ತಾನೆ, ನಾರದನನ್ನು ಮುಂದಿಟ್ಟು ಕಾರಣ ಕೊಡುತ್ತಾನೆ: ಕದ್ದ ಮಾಲು ಇನ್ನೊಬ್ಬನ ಕೈಜಾರಿ ಬಿದ್ದದ್ದಿರಬಹುದು, ನೆಲದಲ್ಲಿ ತಾನಾಗಿ ಸಿಕ್ಕಿದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು, ಸುಳ್ಳು ನಿಜದಂತೆ, ನಿಜ ಸುಳ್ಳಿನಂತೆ ಕಾಣುವುದುಂಟು. ಮುದ್ದೇಮಾಲು ಸಿಕ್ಕಿತೆಂದರೆ ಅರ್ಧ ಕೇಸು ಗೆದ್ದಂತೆ ಎಂದು ನಂಬುವ ನಮ್ಮ ಕಾಲದ ಠಾಣೆಗಳಲ್ಲಿ ಈ ಮಾತನ್ನು ಗೋಡೆಗೆ ಬರೆಸಬೇಕು.

ಕಳ್ಳನೇ ಎಸೆದು ಹೋದ ಮಾಲಿಗೆ ಮಹಾಭಾರತದಲ್ಲೇ ಬಲಿಯಾದವನಿದ್ದಾನೆ. ಕಾವಲುಗಾರರು ಬೆನ್ನಟ್ಟಿದಾಗ ಕಳ್ಳರು ಮಾಂಡವ್ಯ ಋಷಿಯ ಆಶ್ರಮಕ್ಕೆ ನುಗ್ಗಿ, ಗಂಟು ಅಲ್ಲಿಟ್ಟು ಅಡಗಿಕೊಳ್ಳುತ್ತಾರೆ. ಮೌನವ್ರತದಲ್ಲಿದ್ದ ಋಷಿ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಗಂಟು ಸಿಗುತ್ತದೆ, ಕಳ್ಳರೊಂದಿಗೆ ಅವನೂ ಶೂಲಕ್ಕೆ ಏರುತ್ತಾನೆ. ವ್ಯವಹಾರದ ಗದ್ದಲದಲ್ಲಿ ಕಳ್ಳನಲ್ಲದವನೂ ಕಳ್ಳನಾಗುತ್ತಾನೆ ಎನ್ನುವುದಕ್ಕೆ ನಾರದಸ್ಮೃತಿ ಮಾಂಡವ್ಯನನ್ನೇ ಉದಾಹರಿಸುತ್ತದೆ. ಅವನಿಗೆ ಮಾತಾಡಲು ಬರುತ್ತಿತ್ತು. ಮಾತಾಡುವ ತನಕ ಕಾಯಲು ಯಾರಿಗೂ ಪುರುಸೊತ್ತು ಇರಲಿಲ್ಲ.

ನನ್ನ ವಾದವೆಲ್ಲ ಈ ಪುರುಸೊತ್ತಿನ ಬಗ್ಗೆಯೇ. ಅದನ್ನು ನನಗಿಂತ ಬಹಳ ಮೊದಲು ಹೇಳಿದವನು ಅಶೋಕ. ಅವನ ಹೆಸರನ್ನೇ ಹೊತ್ತ ಮಸ್ಕಿ ಶಾಸನ 1915ರಲ್ಲಿ ನಮ್ಮ ಜಿಲ್ಲೆಯಲ್ಲೇ ಸಿಕ್ಕಿತು, ಅದು ಎಲ್ಲರಿಗೂ ಗೊತ್ತು. ಕೃಷ್ಣೆಯಾಚೆ, ಭೀಮಾ ದಂಡೆಯ ಸನ್ನತಿಯದು ಅಷ್ಟು ಗೊತ್ತಿಲ್ಲ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದ ಮೇಲೆ, 1980ರ ದಶಕದ ಕೊನೆಗೆ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳಿರುವುದು ಬೆಳಕಿಗೆ ಬಂತು. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೇ ಇಲ್ಲೂ ಇದ್ದವು. ಪೀಠಕ್ಕಾಗಿ ನಡುವೆ ರಂಧ್ರ ಕೊರೆದು ಒಂದಷ್ಟು ಸಾಲು ಹಾಳಾಗಿದ್ದವು. ಅವುಗಳಲ್ಲಿ ಮೊದಲನೆಯದು ನ್ಯಾಯ ನೋಡುವ ಅಧಿಕಾರಿಗಳಿಗೆ ಕೊಟ್ಟ ಆಜ್ಞೆ. ಕಾರಣವಿಲ್ಲದೆ ಸೆರೆ, ಕಾರಣವಿಲ್ಲದೆ ಹಿಂಸೆ ಆಗಕೂಡದು ಎಂದು ಅದರ ಕಳಕಳಿ. ನಡುಹಾದಿಯಲ್ಲಿ ನಡೆಯದಂತೆ ಅಧಿಕಾರಿಯನ್ನು ಕೆಡಿಸುವ ದೋಷಗಳನ್ನೂ ಎಣಿಸುತ್ತದೆ: ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಅವಸರವೂ ದಣಿವೂ ಒಂದೇ ಪಟ್ಟಿಯಲ್ಲಿವೆ. ಅದನ್ನು ಬರೆಸಿದವನು ಕಚೇರಿಯೊಳಗಿನ ಮನುಷ್ಯರನ್ನು ಬಲ್ಲವನು.

ಅವಸರಕ್ಕೆ ನಮ್ಮ ಕಾಲದಲ್ಲಿ ಕಾನೂನೇ ಒತ್ತಾಸೆ ಕೊಟ್ಟದ್ದೂ ಉಂಟು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಪುರಾವೆಯಾಗಿ ಒಪ್ಪಬಾರದು ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. ಭಯೋತ್ಪಾದನೆ ತಡೆಗೆಂದು ಟಾಡಾ ಕಾಯ್ದೆ ಬಂದು ಆ ಬೇಲಿ ಮುರಿಯಿತು. ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಕೋರ್ಟಿನಲ್ಲಿ ನಡೆಯಿತು. ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು 1994ರ ಜನವರಿಯಲ್ಲಿ ಒಯ್ದರು. ರೈಲು ಸ್ಫೋಟಗಳ ಪ್ರಕರಣದಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿದ್ದು 2016ರ ಮೇ ತಿಂಗಳಲ್ಲಿ. ಹಿಡಿಯುವಾಗ ಇದ್ದ ಅವಸರ ಬಿಡುವಾಗ ಇರಲಿಲ್ಲ.

ಅಂಥವರಿಗೆ ಪರಿಹಾರ ಕೊಡಲು ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, 2018ರಲ್ಲಿ, ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗ ನಾನು ಮೊದಲು ತೆರೆದು ನೋಡಿದ್ದು ವಿನಾಕಾರಣ ಬಂಧನದ ಕಲಂ. ಹಳೆಯ ಸಂಹಿತೆಯಲ್ಲಿ ಅದು 358, ಇದರಲ್ಲಿ 399. ಹಿಡಿಸಿಕೊಟ್ಟವನಿಂದ ಹಿಡಿಸಿಕೊಂಡವನಿಗೆ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರದ ಮಿತಿ ಅಲ್ಲೂ ಒಂದು ಸಾವಿರ ರೂಪಾಯಿ, ಇಲ್ಲೂ ಒಂದು ಸಾವಿರ ರೂಪಾಯಿ.